ಕರೆಯದೆ ಬರುವ ಮೇಡಂ

ಗಡಹಿಂಗ್ಲಜದ ನಮ್ಮ ಕಾಲೇಜಿನ ಯಾವ ಹುಡುಗಿ ಓದು ಮುಗಿಸದೆ ಮದುವೆಯಾದರೂ, ಕರೆಯದಿದ್ದರೂ ಶಿಂತ್ರೆ ಮೇಡಂ ಬರುತ್ತಾರೆ. ಮುಂದಿನ ಕುರ್ಚಿ ಹಿಡಿದು ವರನನ್ನು ಹಿಂದಿನ ಬೆಂಚಿನ ಹುಡುಗನೆಂಬಂತೆ ದಿಟ್ಟಿಸುತ್ತಾರೆ. ಅಕ್ಷತೆ ಬೀಳುವ ಮೊದಲೇ ‘ಪರೀಕ್ಷಾಕ್ಕ ಕಳಸ್ತೀರಲ್ರಿ?’ ಎಂದು ಬೀಗರನ್ನು ಕೇಳುತ್ತಾರೆ. ಊಟಕ್ಕೆ ಎಬ್ಬಿಸಿದರೆ, ‘ಈಕಿ ಪಾಸಾದ ಮ್ಯಾಲ ಉಣ್ತೀನ್ರಿ’ ಎನ್ನುತ್ತಾರೆ. ನನ್ನ ಮದುವೆಯಲ್ಲಿ ಉಡಿ ತುಂಬುವ ಹೊತ್ತಿಗೆ, ಅಕ್ಕಿ, ತೆಂಗಿನಕಾಯಿಯ ಜೊತೆ ನನ್ನ ಹಾಲ್ ಟಿಕೆಟ್ಟನ್ನೂ ಅತ್ತೆಯ ಕೈಗಿಟ್ಟರು. ‘ನಮ್ಮ ಯಜಮಾನ್ರು ತೀರಿಕೊಂಡಾರ, ನಾ ಉಡಿ ತುಂಬೂಹಂಗಿಲ್ಲ. ನೀವ ತುಂಬ್ರಿ, ಅಕ್ಕಾರ.’ ಅತ್ತೆ ತುಂಬಿದರು. ತಾವೇ ಉಡಿಗೆ ಹಾಕಿದ್ದನ್ನು ಆಮೇಲೆ ಬೇಡವೆನ್ನಲು ಅವರಿಗೆ ಬಾಯಿ ಬರಲಿಲ್ಲ. ನಾನು ಪಾಸಾದ ದಿನ ಮೇಡಂ ಉಣ್ಣಲು ಬಂದರು. ಹೊರಟು ನಿಂತಾಗ ಅತ್ತೆ, ‘ಸೆರಗ ಒಡ್ರಿ, ಅಕ್ಕಾರ’ ಎಂದು ಅವರ ಉಡಿ ತುಂಬಿದರು.