ಸೌದೆಮನೆಯ ಚಳಿಯಲ್ಲಿ ಕಾಯುವ ದುರ್ಬೀನುಗಳು

ಬೆಳಗಿನ ಆರೂವರೆ. ಸೂರ್ಯನಿಗೆ ಏಳುವ ಮನಸ್ಸಿಲ್ಲ. ಬೇಟೆ ಸಾಮಾನಿನ ಅಂಗಡಿಯ ಹಿಂದಿನ ಸೌದೆಮನೆಯಿಂದ ಅಲ್ಲಿನ ಮಾರಾಟಗಾರ್ತಿ ಹಿಲ್ಕಾ ಮಾತ್ತಾ ಮರದ ಪೆಟ್ಟಿಗೆಯೊಂದನ್ನು ಹೊತ್ತು ತರುತ್ತಿದ್ದಾರೆ. ಒಳಗಿರುವುದು ಬೇಟೆಕೋವಿಯ ಮೇಲೆ ಕೂರಿಸುವ ಹನ್ನೊಂದು ದುರ್ಬೀನುಗಳು. ರಾತ್ರಿಯಿಡೀ ಅವು ಚಳಿಯಲ್ಲೇ ಇರಬೇಕು, ಇದು ಹಿಲ್ಕಾ ಅವರ ಕಟ್ಟಪ್ಪಣೆ.

"ದೀಪದ ಕೆಳಗೆ ಎಲ್ಲ ಸ್ಕೋಪೂ ಒಳ್ಳೇದೇ. ಚಳೀಲಿಟ್ಟು ಮುಂಜಾನೆ ಮಬ್ಬಲ್ಲಿ ನೋಡಿದ್ರೆ ಯಾವುದರ ಬಂಡವಾಳ ಏನು ಅಂತ ಗೊತ್ತಾಗುತ್ತೆ" ಎನ್ನುತ್ತಾರೆ.

ಫಿನ್ಲೆಂಡಿನ ಕೈನು ಸೀಮೆಯ ನಮ್ಮೂರಿನಲ್ಲಿ ಮೂಸ್ ಎಂಬ ದೈತ್ಯ ಕಡವೆಯ ಬೇಟೆಗೆ ಇನ್ನು ಹತ್ತೇ ದಿನ. ಅಂಗಡಿಗೆ ದಿನಕ್ಕೆ ಇಪ್ಪತ್ತು ಜನ ಬರುತ್ತಾರೆ. ಬಂದವರನ್ನೆಲ್ಲ ಹಿಲ್ಕಾ ದುರ್ಬೀನು ಪರೀಕ್ಷಿಸಲು ಕೆರೆಯ ದಂಡೆಗೆ ಕರೆದೊಯ್ಯುತ್ತಾರೆ. ಆಚೆ ದಡದ ಪೊದೆಗಳ ನಡುವೆ ಅವರೇ ಹಲಗೆಯಲ್ಲಿ ಕೊಯ್ದು ನಿಲ್ಲಿಸಿದ ತಾಯಿ ಮೂಸ್ ಇದೆ, ಅದರ ಹಿಂದೆ ಅರ್ಧ ಅವಿತ ಮರಿಯೂ ಇದೆ. ಮರಿ ಜೊತೆಗಿರುವ ತಾಯಿಗೆ ಗುಂಡು ಹಾರಿಸುವಂತಿಲ್ಲ. ಹಾರಿಸಿದವನು ಊರಲ್ಲಿ ತಲೆ ಎತ್ತುವಂತಿಲ್ಲ.

ಮೂವತ್ತೊಂದು ವರ್ಷದ ಹಿಂದೆ ರಬ್ಬರ್ ಬೂಟು ಮಾರಲು ಸೇರಿದವರು ಹಿಲ್ಕಾ. ಮೊದಲ ಬೇಟೆಯಲ್ಲಿ ದುರ್ಬೀನನ್ನು ಕಣ್ಣಿಗೆ ತೀರಾ ಹತ್ತಿರ ಇಟ್ಟು ಗುಂಡು ಹಾರಿಸಿದರು. ಕೋವಿ ಹಿಂದಕ್ಕೆ ಒದ್ದು ಹುಬ್ಬು ಸೀಳಿತು. ಆ ಅರ್ಧಚಂದ್ರದ ಗುರುತನ್ನು ಈಗಲೂ ಗಿರಾಕಿಗಳಿಗೆ ತೋರಿಸುತ್ತಾರೆ. ಎರಡು ಸಾವಿರ ಯೂರೋದ ಮಾಲಿಗೇ ಕೈಹಾಕುವ ಶೋಕಿಲಾಲರನ್ನು ಕಾಡಿಸುವುದೆಂದರೆ ಅವರಿಗೆ ಖುಷಿ. "ನಮ್ ಕಾಡಲ್ಲಿ ಮೂಸ್ ನಿಲ್ಲೋದು ಎಪ್ಪತ್ತು ಹೆಜ್ಜೆ ದೂರದಲ್ಲಿ. ಇಪ್ಪತ್ತನಾಲ್ಕು ಪಟ್ಟು ದೊಡ್ಡದು ಮಾಡಿ ಅದರ ರೆಪ್ಪೆ ಎಣಿಸ್ತೀಯಾ?"

ಇಂದು ಮೊದಲು ಬಂದವರು ತೌನೊ. ಎಪ್ಪತ್ತೆರಡರ ಇವರು ಒಂದು ಕಾಲಕ್ಕೆ ಮರದ ದಿಮ್ಮಿಯ ಲಾರಿ ಓಡಿಸುತ್ತಿದ್ದರು. ಹೋದ ವರ್ಷ ತಾಯಿ ಯಾವುದು, ಮರಿ ಯಾವುದು ತಿಳಿಯದೆ ಎರಡು ಸಲ ಗುಂಡು ಹಾರಿಸದೆ ಕೋವಿ ಇಳಿಸಿಬಿಟ್ಟರು. ಇನ್ನು ಮೇಲೆ ನೀನು ಬಿಡಾರದಲ್ಲಿ ಸೂಪು ಕಲಕಿಕೊಂಡಿರು ಎಂದಿತು ಬೇಟೆ ತಂಡ. ತಮಾಷೆಗೆ ಹೇಳಿದ ಮಾತೇ, ಆದರೂ ಮುದುಕರಿಗೆ ನಾಟಿತು. ದೋಣಿ ಮಾರಿ, ಅತಿ ದುಬಾರಿ ದುರ್ಬೀನು ಕೊಳ್ಳಲು ಈ ವಸಂತದಲ್ಲಿ ಬಂದಿದ್ದರು. ಅದರಲ್ಲೂ ಆಚೆ ದಡದ ಹಲಗೆ ಮರಿ ಕಾಣಲಿಲ್ಲ. ಎಡಗಣ್ಣಲ್ಲಿ ನೋಡು ಎಂದರು ಹಿಲ್ಕಾ. ತಕ್ಷಣ ಕಂಡಿತು.

"ತೌನೊ, ಗಾಜು ಮಬ್ಬಾಗಿರೋದು ಕೋವಿ ಮೇಲಲ್ಲ, ನಿನ್ನ ಬಲಗಣ್ಣಲ್ಲಿ. ಮೊದ್ಲು ಡಾಕ್ಟ್ರ ಹತ್ರ ಹೋಗು" ಎಂದು ದುರ್ಬೀನನ್ನು ಪೆಟ್ಟಿಗೆಗೆ ಹಾಕಿದ್ದರು. ಬಂದ ವ್ಯಾಪಾರ ಕಳೆದಳೆಂದು ಮಾಲೀಕರು ವಾರವಿಡೀ ಮುಖ ಊದಿಸಿಕೊಂಡಿದ್ದರು.

ಪೊರೆ ತೆಗೆಸಿಕೊಂಡು ಬಂದಿರುವ ತೌನೊ ಈಗ ಉಸಿರು ಬಿಗಿಹಿಡಿದು ಬಲಗಣ್ಣನ್ನು ಗಾಜಿಗೆ ಒಡ್ಡಿದ್ದಾರೆ. ಕೈಯಲ್ಲಿರುವುದು ನಾನೂರು ಯೂರೋದ್ದು, ಬರೀ ಆರು ಪಟ್ಟು. ಹಿಲ್ಕಾ ಫ್ಲಾಸ್ಕಿನ ಮುಚ್ಚಳ ಬಿಚ್ಚುವುದನ್ನೂ ಮರೆತು ನಿಂತಿದ್ದಾರೆ. ಪಕ್ಕದಲ್ಲಿ ನಿಂತ ನಾನೂ ಆಚೆ ದಡವನ್ನೇ ನೋಡುತ್ತಿದ್ದೇನೆ.

"ಮರಿ ಹಿಂದಿದೆ" ಎನ್ನುತ್ತಾರೆ ತೌನೊ. ಮತ್ತೆ ಗಾಜಿಗೆ ಕಣ್ಣು ಕೀಲಿಸಿ, "ಮರಿಗೆ ಒಂದು ಕಿವಿ ಇಲ್ವಲ್ಲ, ಹಿಲ್ಕಾ?"

"ಹೋದ ಚಳಿಗಾಲದಲ್ಲಿ ಮುರೀತು. ಇಷ್ಟು ದಿನ ಯಾರೂ ಗಮನಿಸಿರ್ಲಿಲ್ಲ."

ತಂಡದವರು ಈ ಸಲ ಸೂಪಿಗೆ ಬೇರೆಯವರನ್ನು ಹುಡುಕಿಕೊಳ್ಳಬೇಕು. ಹಿಲ್ಕಾ ಕಾಫಿ ಬಗ್ಗಿಸುತ್ತಾ ನನ್ನತ್ತ ತಿರುಗುತ್ತಾರೆ. "ಎಷ್ಟು ಮಾರಿದ್ದೀನೋ ಲೆಕ್ಕ ಇಟ್ಟಿಲ್ಲ. ಮಾರದೆ ಬಿಟ್ಟಿದ್ದು ಮಾತ್ರ ನೆನಪಿದೆ."