ಕರಿಕಲ್ಲಿನ ಮಹಾದ್ವಾರ

ಶಾಲೆಯ ಗೇಟಿನಿಂದ ಐವತ್ತು ಮೀಟರ್ ಒಳಗೆ ಚಿಪ್ಸು, ಕೋಲಾ ಮಾರುವ ಹಾಗಿಲ್ಲ, ಅವುಗಳ ಬೋರ್ಡನ್ನೂ ಹಾಕುವ ಹಾಗಿಲ್ಲ ಎಂಬ ಸರಕಾರದ ನಿಯಮವನ್ನು ಕಟಪಾಡಿಯಲ್ಲಿ ನನಗಿಂತ ಜೋರಾಗಿ ಹೊಗಳಿದವರಿಲ್ಲ. ಗೇಟು ಇದ್ದದ್ದು ಶಾಲೆಯ ಮುಂದೆ, ನನ್ನ ಅಂಗಡಿ ಇದ್ದದ್ದು ಹಿಂದೆ. ಗೇಟಿನೆದುರಿನ ಅಂಗಡಿಯವನು ಚಿಪ್ಸ್ ಮಾಲೆಗಳನ್ನು ಇಳಿಸಿದ ದಿನ ನಾನು ಇನ್ನೆರಡು ಮಾಲೆ ಹೆಚ್ಚಿಗೆ ತೂಗುಹಾಕಿದೆ. "ಮಕ್ಕಳ ಆರೋಗ್ಯ ಮುಖ್ಯ ಮಾರಾಯ" ಎಂದು ಅವನಿಗೆ ಬುದ್ಧಿಯನ್ನೂ ಹೇಳಿದೆ.

ಮಕ್ಕಳು ಹೆದ್ದಾರಿಗೆ ಇಳಿಯದೆ ಮನೆಗೆ ಹೋಗಲೆಂದು ಶಾಲೆಯವರು ಹಿಂದಿನ ಗೋಡೆ ಒಡೆದು ಇನ್ನೊಂದು ದಾರಿ ಮಾಡುವವರಿದ್ದರು. ನಮ್ಮಲ್ಲಿ ದಾನಿಗಳ ಹೆಸರು ಬೆಂಚಿನಿಂದ ಫ್ಯಾನಿನ ರೆಕ್ಕೆಯವರೆಗೆ ಎಲ್ಲೆಲ್ಲೂ ಇರುತ್ತದೆ. ನಾನೂ ಮುಂದೆ ಬಿದ್ದು ಕಬ್ಬಿಣದ ಗೇಟು ಮಾಡಿಸಿಕೊಟ್ಟೆ. ಕಂಬದ ಕರಿಕಲ್ಲಿನ ಮೇಲೆ ಬಂಗಾರದ ಬಣ್ಣದಲ್ಲಿ 'ಸ್ಮರಣಾರ್ಥ ಮಹಾದ್ವಾರ' ಎಂದು ಕೆತ್ತಿಸಿ, ಕೆಳಗೆ ತೀರಿಹೋದ ನನ್ನ ತಾಯಿ, ಉಮ್ಮನ ಹೆಸರು ಹಾಕಿಸಿದೆ. ಗೇಟು ಸರಿಯಾಗಿ ನನ್ನ ಅಂಗಡಿಯ ಎದುರಿಗೇ ಬಂತು. ಮಕ್ಕಳು ನೇರ ಅಂಗಡಿಗೆ ನುಗ್ಗಲಿ ಎಂಬ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು.

ತಿಂಗಳಾಗುವುದರೊಳಗೆ ಆಹಾರ ಸುರಕ್ಷತಾ ಅಧಿಕಾರಿ ಮೇಡಂ ಟೇಪು ಹಿಡಿದು ಬಂದರು.

"ಇದು ಗೇಟಲ್ಲ ಮೇಡಂ, ಸುಮ್ಮನೆ ಒಂದು ಸಂದಿ" ಎಂದೆ.

"ಹಾಗಾದರೆ ಇಲ್ಲಿ ಬರೆದದ್ದು ಎಂತ ಸಾಹೇಬರೇ? ಮಹಾದ್ವಾರ ಅಂತ ಉಂಟಲ್ವಾ!"

ಟೇಪು ಹದಿನಾಲ್ಕು ಮೀಟರ್ ತೋರಿಸಿತು. ಮಾಲೆ ಇಳಿಸಲು ಒಂದು ದಿನದ ಗಡುವು ಕೊಟ್ಟು ಅವರು ಹೋದರು. ತಮಾಷೆ ನೋಡಲು ಬಂದಿದ್ದ ಮುಂದಿನ ಗೇಟಿನ ಅಂಗಡಿಯವನು ನನ್ನ ಕಿವಿಯಲ್ಲಿ ಹೇಳಿದ: "ಕಲ್ಲು ಕೀಳಿಸಿ ಗೇಟು ಮುಚ್ಚಿಸು ಮಾರಾಯ. ದಾನಿ ನೀನೇ ಅಲ್ವಾ, ಬೇಡ ಅನ್ನುವವರು ಯಾರು?"

ಉಪಾಯ ಹಿಡಿಸಿತು. ಶಾಲೆ ಬಿಟ್ಟ ಮೇಲೆ ಉಳಿ, ಸುತ್ತಿಗೆ ಹಿಡಿದು ಹೋದೆ. ಉಳಿಯನ್ನು ಕಲ್ಲಿನ ಅಂಚಿಗೆ ಇಟ್ಟದ್ದೂ ಆಯಿತು. ಆಗ ಉಮ್ಮನ ಹೆಸರು ಕಣ್ಣಿಗೆ ಬಿತ್ತು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಜೀವಮಾನವಿಡೀ ಹೆಬ್ಬೆಟ್ಟು ಒತ್ತಿದಳು. ನನ್ನ ಕೈ ಏಳಲಿಲ್ಲ.

ವಾಪಸು ಬಂದು ಮಾಲೆಗಳನ್ನೆಲ್ಲ ಇಳಿಸಿದೆ. ಖಾಲಿ ಕೊಕ್ಕೆಗಳಿಗೆ ಬಾಳೆಗೊನೆ ಕಟ್ಟಿದೆ.

ಮರುದಿನ ಬೆಳಿಗ್ಗೆ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಆ ಕಲ್ಲಿನ ಮೇಲೆ ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಉಮ್ಮನ ಹೆಸರನ್ನು ಗಟ್ಟಿಯಾಗಿ ಓದಿದಳು. ನನ್ನ ಕಣ್ಣು ಒದ್ದೆಯಾಯಿತು. ಅವಳನ್ನು ಕರೆದು ಇದ್ದುದರಲ್ಲೇ ದೊಡ್ಡ ಬಾಳೆಹಣ್ಣು ಕೊಟ್ಟೆ.

ಅವಳು ಹಣ್ಣನ್ನು ನೋಡಿದಳು, ನನ್ನನ್ನೂ ನೋಡಿದಳು. "ಚಿಪ್ಸ್ ಇಲ್ವಾ?" ಎಂದು ಕೇಳಿದಳು.