ಹನುಮಂತಕ್ಕನ ಬಾಯಿಪಾಠ

ಹಾರೋಹಳ್ಳಿಯ ನಮ್ಮ ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಹನುಮಂತಮ್ಮನೇ ಹಿರಿಯಳು. ಎಲ್ಲರ ಬಾಯಲ್ಲೂ ಹನುಮಂತಕ್ಕ. ಉಯ್ಯಂಬಳ್ಳಿಯಿಂದ ಮೊದಲ ಬಸ್ಸಿಗೇ ಹೊರಟು ಬರುತ್ತಾಳೆ. ಮಗಳ ಮದುವೆ ಮುಗಿಸಿ, "ಇನ್ಮೇಲೆ ನನ್ ಸರದಿ" ಎಂದು ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದವಳು. ಉಳಿದದ್ದೆಲ್ಲ ಪಾಸಾಗಿ, ಇತಿಹಾಸದ ಒಂದು ಪತ್ರಿಕೆ ಬಾಕಿ. ಅದೂ ಆದರೆ ಸೂಪರ್‌ವೈಸರ್. ಆಗದಿದ್ದರೆ ಕೊನೆಯವರೆಗೂ ಡಬ್ಬಕ್ಕೆ ಟೇಪು ಅಂಟಿಸುವುದೇ.

ಕಳೆದ ಸಲ ಅವಳನ್ನು ಬೀಳಿಸಿದ್ದು ದಾಖಲೆಗಳ ಪ್ರಶ್ನೆ. ಹಳೆಯ ಕಾಗದಗಳನ್ನು ಅಚ್ಚು ಹಾಕಿ ಕೊಟ್ಟು, ಅವುಗಳ ಆಧಾರದ ಮೇಲೆ ಪ್ರಬಂಧ ಬರೆಯಿರಿ ಎನ್ನುತ್ತಾರೆ. ಯಾರು ಬರೆದರು, ಯಾಕೆ ಬರೆದರು, ಏನನ್ನು ಹೇಳದೆ ಬಿಟ್ಟರು ಎಂದು ಅಲ್ಲೇ ಕುಳಿತು ಯೋಚಿಸಬೇಕು. ಇತಿಹಾಸದಲ್ಲಿ ಎಂ.ಎ. ಮಾಡಿ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸುವ ಪಂಡಿತ ನಾನಿದ್ದೆನಲ್ಲ, "ಒಸಿ ಹೇಳ್ಕೊಡೋ ನರೇಂದ್ರ" ಎಂದಳು.

ಹೇಳಿಕೊಡಲು ಭಾನುವಾರ ಬೇಕು. ನನಗೆ ಭಾನುವಾರ ನಿದ್ದೆ ಬೇಕು. ಹಿಂದಿನ ವರ್ಷದ ಪ್ರಶ್ನೆಗೆ ನಾಲ್ಕು ಪುಟದ ಉತ್ತರ ಬರೆದುಕೊಟ್ಟು, "ಇದನ್ನ ಬಾಯಿಪಾಠ ಮಾಡಕ್ಕ, ಸಾಕು" ಎಂದುಬಿಟ್ಟೆ.

ಅವಳು ಮಾಡಿಯೇಬಿಟ್ಟಳು. ಡಬ್ಬ ಮಡಿಸುವಾಗ ಪೀಠಿಕೆ, ಟೇಪು ಎಳೆಯುವಾಗ ಮೊದಲ ದಾಖಲೆ, ಚೀಟಿ ಅಂಟಿಸುವಾಗ ಎರಡನೆಯದು. ಪಕ್ಕದ ಹುಡುಗಿಯರಿಗೂ ಅರ್ಧ ಬರುತ್ತಿತ್ತು. ಗುರುದಕ್ಷಿಣೆಯೆಂದು ನನಗೆ ದಿನವೂ ಮುದ್ದೆ, ಉಪ್ಸಾರು. ಉಣ್ಣುವಾಗೆಲ್ಲ ನಿಜ ಹೇಳಬೇಕೆನಿಸುತ್ತಿತ್ತು. ಆದರೆ ಬಾಯಿ ತುಂಬಿರುತ್ತಿತ್ತು.

ಪರೀಕ್ಷೆಗೆ ವಾರವಿದ್ದಾಗ, ಸಂಜೆ ಕೆಲಸ ಬಿಟ್ಟು ಹೊರಟ ಕನಕಪುರದ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ನಾಲ್ಕೂ ಪುಟ ಒಪ್ಪಿಸಿದಳು. ಹಿಂದಿನ ಸೀಟಿನವನು ಚಪ್ಪಾಳೆ ತಟ್ಟಿದ.

"ಹೆಂಗೈತೆ?"

"ಚೆನ್ನಾಗೈತೆ ಕಣಕ್ಕ. ಆದ್ರೆ ಈ ಸಲ ಬ್ಯಾರೆ ಕಾಗದ ಕೊಡ್ತಾರೆ."

"ಬ್ಯಾರೆ ಅಂದ್ರೆ?"

"ಪ್ರತಿ ಸಲಾನೂ ಬ್ಯಾರೆನೇ."

"ನಿಂಗ್ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಥೂ ನಿನ್ನ! ಉಪ್ಸಾರು ಉಣ್ಣೋವಾಗ ನಾಲ್ಗೆ ಚೆನ್ನಾಗೇ ಓಡಾಡ್ತಿತ್ತಲ್ಲೋ!"

ಹಿಂದಿನವನು ನಕ್ಕ. ಅವಳು ನಗಲಿಲ್ಲ, ಕಿಟಕಿಯತ್ತ ತಿರುಗಿಕೊಂಡಳು. ಬೈಯುತ್ತಲೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕನಕಪುರದಲ್ಲಿ ಇಳಿದೆವು. ನನ್ನ ಮನೆ ಅಲ್ಲೇ. ಮನೆಗೆ ಹೋಗದೆ ಅವಳ ಹಿಂದೆಯೇ ಉಯ್ಯಂಬಳ್ಳಿ ಬಸ್ಸು ಹತ್ತಿದೆ. ಇನ್ನೊಂದು ವರ್ಷದ ಪ್ರಶ್ನೆಪತ್ರಿಕೆಯನ್ನು ಫೋನಿನಲ್ಲಿ ತೆರೆದು ಅವಳ ಕೈಗಿಟ್ಟೆ. ಒಂದೇ ಕೆರೆಯ ನೀರು ತಮಗೇ ಸೇರಬೇಕೆಂದು ಎರಡು ಊರಿನವರು ಬರೆದ ಎರಡು ಅರ್ಜಿಗಳು.

"ಇವ್ರು ಯಾಕ್ ಹಿಂಗ್ ಬರ್ದವ್ರೆ? ನಿಂಗೇನ್ ಅನ್ನಿಸ್ತದೋ ಅದನ್ನೇ ಹೇಳಕ್ಕ."

ಅವಳು ತುಟಿಯಲ್ಲೇ ಓದಿಕೊಂಡಳು. ಬಾಯಿ ತೆರೆದಾಗ ಬಂದದ್ದು ನಾನು ಬರೆದುಕೊಟ್ಟ ಪೀಠಿಕೆ, ಅಕ್ಷರವೂ ತಪ್ಪದೆ. ನಿಲ್ಲಿಸಿ, ನೀರು ಕುಡಿದು, ಮತ್ತೆ ಶುರು ಮಾಡಿದಳು. ಮತ್ತೂ ಅದೇ. ಫೋನನ್ನು ನನ್ನ ತೊಡೆಯ ಮೇಲಿಟ್ಟಳು.

"ಮೊದ್ಲು ಇದನ್ನ ಮರೆಯೋದ್ ಹೆಂಗೆ ಅಂತ ಹೇಳ್ಕೊಡೋ."